ಇಪ್ಪತ್ತೈದು ಟೋಕನ್

ಉದಯನ ಗ್ರಹಚಾರ ಕೆಟ್ಟಿದ್ದು ಬೆಳಿಗ್ಗೆ ಒಂಬತ್ತಕ್ಕೆ ಬಂದ ಒಂದು ಇಮೇಲಿನಿಂದ. ‘ಇಂದು ಸಂಜೆ ಆರರಿಂದ ನಮ್ಮ ಪಾರ್ಟ್ನರ್ ಯೋಜನೆ ಹಣ ಕಟ್ಟಿದ ಗ್ರಾಹಕರಿಗೆ ಮಾತ್ರ. ಉಳಿದವರ ತಂತ್ರಾಂಶಗಳನ್ನು ನಿಲ್ಲಿಸಲಾಗುವುದು’ ಎಂದು ಟೋಕನ್‌ಬಂಧು ಕಂಪನಿ ಬರೆದಿತ್ತು. ಕೆಳಗೆ ನಗುವ ಮುಖದ ಚಿತ್ರ ಬೇರೆ.

ಟೋಕನ್‌ಬಂಧು ಅಂದರೆ ದವಾಖಾನೆಗಳಲ್ಲಿ ರೋಗಿಗಳಿಗೆ ನಂಬರು ಕೊಟ್ಟು ಒಬ್ಬೊಬ್ಬರನ್ನೇ ಒಳಗೆ ಕರೆಯುವ ತಂತ್ರಾಂಶ. ಕರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅದು ‘ಫಾರ್ಟಿ ಟೂ’ ಎಂದು ಎಷ್ಟು ಗಂಟಲು ಹರಿದುಕೊಂಡರೂ ಮತ್ತಿಘಟ್ಟದಿಂದ ಬಂದ ಅಜ್ಜಿ ತನ್ನನ್ನಲ್ಲವೆಂದು ಎಲೆಯಡಿಕೆಯ ಕವಳ ಹಾಕುತ್ತ ಕೂತಿರುತ್ತಿದ್ದಳು. ಉದಯ ಅದೇ ಕಂಪನಿಯ ಅನುಮತಿ ಪಡೆದ ಹೊರಗಿನ ಪಾರ್ಟ್ನರ್ ಆಗಿ, ಎರಡು ವರ್ಷ ತಲೆ ಕೆಡಿಸಿಕೊಂಡು, ಕನ್ನಡದಲ್ಲಿ ಕರೆಯುವ ಸಣ್ಣ ತಂತ್ರಾಂಶವೊಂದನ್ನು ಅದಕ್ಕೆ ಜೋಡಿಸಿದ್ದ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೂವತ್ತೊಂದು ದವಾಖಾನೆಯವರು ತಿಂಗಳಿಗಿಷ್ಟು ಎಂದು ಕೊಡುತ್ತಿದ್ದರು. ಅವನ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಬೇರೆ ದುಡಿಮೆ ಇರಲಿಲ್ಲ.

ಕೆಳಗಿನ ಮನೆಯ ಅಂದಾನಪ್ಪ ಹಾವೇರಿ ಕಡೆಯವರು, ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತರಾದವರು. ಮಂದಿಯ ಸಂಕಟವೆಂದರೆ ಅವರಿಗೆ ಹಬ್ಬದೂಟ. ಉದಯನ ಮುಖ ನೋಡಿದವರೇ ಮೇಲೆ ಹತ್ತಿ ಬಂದು ಎಲ್ಲ ಕೇಳಿಕೊಂಡರು.

“ಅದರಾಗ ತಪ್ಪೇನೈತಿ? ಷೇರು ತಗೊಳ್ಳದವಗ ನಮ್ಮ ಸೊಸೈಟ್ಯಾಗೂ ಗೊಬ್ಬರ ಕೊಡ್ತಿರಲಿಲ್ಲ. ರೊಕ್ಕ ಕಟ್ಟಿ ಮೆಂಬರ್ ಆಗ್ರಿ.”

“ಸೊಸೈಟಿಲಿ ಮೆಂಬರಿಗೆ ಒಂದು ವೋಟಾದ್ರೂ ಇರ್ತದೆ. ನನ್ನ ಕೆಲಸ ತೋರ್ಸಿ ಗಿರಾಕಿ ಹಿಡ್ಕಂಡು, ಈಗ ನೀನೂ ಗಿರಾಕಿ ಆಗು ಅಂದ್ರೆ ಇದು ಯಾವ ಊರ ನ್ಯಾಯ?”

“ನ್ಯಾಯ ಆಮ್ಯಾಲೆ ನೋಡೂಣು. ಮೊದ್ಲು ಕಟ್ರಿ.”

ಕಟ್ಟಿದ. ಒಂದು ವರ್ಷದ ಚಂದಾ, ವಾಪಸ್ಸಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಹಣ ಕಟ್ಟಿದ ಮೇಲೆ ಇನ್ನೊಂದು ಷರತ್ತು ಎದ್ದು ಬಂತು. ಗ್ರಾಹಕನಿಗೆ ನಿಜವಾದ ಸಂಸ್ಥೆ ಇರಬೇಕು. ಆರು ಗಂಟೆಯೊಳಗೆ ಕನಿಷ್ಠ ಇಪ್ಪತ್ತೈದು ಜನರಿಗೆ ಟೋಕನ್ ಕೊಟ್ಟು ಕರೆದಿರಬೇಕು. ಉದಯನ ಸಂಸ್ಥೆಯೆಂದರೆ ಒಂದು ಮೇಜು, ಒಂದು ಲ್ಯಾಪ್‌ಟಾಪು. ಅಲ್ಲಿಗೆ ಸಾಲು ಹಿಡಿದು ಬರುತ್ತಿದ್ದುದು ಇರುವೆಗಳು ಮಾತ್ರ.

“ಮಂದಿ ಬೇಕಲ್ಲ? ನಾ ತರ್ತೀನಿ” ಎಂದು ಅಂದಾನಪ್ಪ ತಮ್ಮ ಬಿಪಿ ನೋಡುವ ಯಂತ್ರವನ್ನು ತಂದು ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ‘ಉಚಿತ ಬಿಪಿ ತಪಾಸಣೆ’ ಎಂದು ಬರೆದು ಗೇಟಿಗೆ ಕಟ್ಟಿದರು. ಉದಯ ಕಂಪನಿಯ ಅರ್ಜಿಯಲ್ಲಿ ಸಂಸ್ಥೆಯ ಹೆಸರಿನ ಜಾಗಕ್ಕೆ ‘ತಪಾಸಣಾ ಕೇಂದ್ರ’ ಎಂದು ತುಂಬಿದ.

ಮೊದಲ ಟೋಕನ್ ತೆಗೆದುಕೊಂಡವಳು ಮನೆಯೊಡತಿ ಗೌರಕ್ಕ. “ತಮಾ, ಎಂಗೆ ಬಿಪಿ ಎಂತದೂ ಇಲ್ಲೆ. ಪುಕ್ಕಟೆ ಅಲ್ದಾ, ನೋಡು” ಎಂದು ತೋಳು ಚಾಚಿದಳು. ಉದಯ ತನ್ನ ತಂತ್ರಾಂಶದಿಂದಲೇ ಒಬ್ಬೊಬ್ಬರನ್ನು ಕನ್ನಡದಲ್ಲಿ ಕರೆದ. ಮಧ್ಯಾಹ್ನದವರೆಗೆ ಬಂದವರು ಒಂಬತ್ತೇ ಮಂದಿ. ಅಂದಾನಪ್ಪ ಶಿರಸಿ ಬಸ್‌ಸ್ಟ್ಯಾಂಡಿನ ಆಟೋದವರಿಗೆಲ್ಲ ಫೋನು ಮಾಡಿ, ಬಸ್ಸಿಳಿದವರನ್ನು ಇಲ್ಲಿಗೆ ಕಳಿಸಿರೆಂದರು. ಮೂರರ ಹೊತ್ತಿಗೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ.

ನಾಲ್ಕಕ್ಕೆ ಇಪ್ಪತ್ತೈದು ಮುಗಿಯಿತು. ಉದಯ ಉಸ್ಸಪ್ಪಾ ಎಂದು ರಟ್ಟು ಬಿಚ್ಚಲು ಹೋದ. ಇಪ್ಪತ್ತಾರನೆಯವನು ಚೌಡ, ಕೈಯಲ್ಲಿ ಚೀಲ ಹಿಡಿದು ಗೇಟಿಗೆ ಅಡ್ಡ ನಿಂತ.

“ಭೈರುಂಬೆಯಿಂದ ಬಸ್ ಹಿಡ್ದು ಬಂದಿದ್ದೆ. ಹಂಗೇ ಹೋಗು ಅಂದ್ರೆ ಹ್ಯಾಂಗೆ ತಮ್ಮಾ?”

ಅವನನ್ನು ಕೂರಿಸಿ ನೋಡಿದರೆ ಇನ್ನೂರ ಹತ್ತು. ಅಂದಾನಪ್ಪ ಇನ್ನೊಮ್ಮೆ ನೋಡಿದರು, ಆಗಲೂ ಅಷ್ಟೇ. ಚೌಡನಿಗೆ ಎರಡು ತಿಂಗಳಿಂದ ತಲೆಸುತ್ತು, ಬಿಸಿಲಿಗೆ ಅಂದುಕೊಂಡಿದ್ದನಂತೆ. ಉದಯ ಅವನನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದ. ಆಮೇಲೆ ರಟ್ಟು ಬಿಚ್ಚಲು ಅವನಿಗೆ ಕೈ ಬರಲಿಲ್ಲ. ತಾನು ಹೂಡಿದ ನಾಟಕಕ್ಕೆ ನಿಜವಾದ ರೋಗಿಗಳು ಬಂದಿದ್ದಾರೆಂದು ನಾಚಿಕೆಯಾಗಿ, ಉಳಿದವರನ್ನೂ ಕರೆಯುತ್ತ ಹೋದ.

ಆರು ಗಂಟೆಗೆ ಅರವತ್ತೆಂಟು ಜನ ಆಗಿದ್ದರು. ಇಮೇಲೂ ಬಂತು: ‘ಅಭಿನಂದನೆಗಳು. ಇನ್ನೊಂದು ವರ್ಷ ನೀವು ನಮ್ಮ ಪಾರ್ಟ್ನರ್.’ ಉದಯನಿಗೆ ಕಣ್ಣು ತುಂಬಿತು. ಗೌರಕ್ಕ ಎಲ್ಲರಿಗೂ ಕಷಾಯ ಮಾಡಿದಳು.

ಅರ್ಧ ಲೋಟ ಕುಡಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕಂಪನಿಯ ಗ್ರಾಹಕ ವಿಭಾಗದ ಸಂಜಯ ಎಂಬವನು.

“ಸರ್, ನಿಮ್ಮ ತಪಾಸಣಾ ಕೇಂದ್ರಕ್ಕೆ ವಿಶೇಷವಾಗಿ ಥ್ಯಾಂಕ್ಸ್ ಹೇಳೋಣ ಅಂತ. ಮೊದಲನೇ ದಿನವೇ ಅರವತ್ತೆಂಟು ಜನ, ಅಷ್ಟೂ ಜನರನ್ನ ಕನ್ನಡದಲ್ಲೇ ಕರೆದಿದೀರಿ. ಕನ್ನಡಕ್ಕೆ ಇಷ್ಟು ಬೇಡಿಕೆ ಇದೆ ಅಂದ್ರೆ ನಮ್ಮ ಮೇಲಿನವರು ನಂಬ್ತಾನೇ ಇರಲಿಲ್ಲ. ನಿಮ್ಮ ಅಂಕಿ ತೋರಿಸಿದ್ಮೇಲೆ ಇವತ್ತೇ ಒಪ್ಪಿಬಿಟ್ರು.”

“ಎಂತಕ್ಕೆ ಒಪ್ಪಿದ್ರು?”

“ಕನ್ನಡದಲ್ಲಿ ಕರೆಯೋದನ್ನ ನಾವೇ ಮಾಡಿ ಇಟ್ಕೊಂಡಿದ್ವಿ ಸರ್. ಸೋಮವಾರದಿಂದ ಎಲ್ಲ ಗ್ರಾಹಕರಿಗೂ ಉಚಿತ. ನಿಮ್ಮ ಶಿರಸಿಯಲ್ಲಿ ಯಾರೋ ಒಬ್ಬ ಹುಡುಗ ಇದಕ್ಕೆ ತಿಂಗಳು ತಿಂಗಳು ದುಡ್ಡು ತಗೋತಾನಂತಲ್ಲ? ಇನ್ಮೇಲೆ ಅವನಿಗೆ ನೀವು ಒಂದು ಪೈಸೆ ಕೊಡಬೇಕಾಗಿಲ್ಲ.”

ಉದಯ, “ಉಪಕಾರ ಆತು” ಎಂದ.