ಶರಣಾರ್ಥಿಗಳ ಗಡಿಪಾರು

ನವ್ಯಾ: ಒಂದು ಫಾರ್ಮ್ ಕಣೋ! ಒಂದೇ ಒಂದು ಫಾರ್ಮ್ ತುಂಬಿದ್ರೆ ಅತ್ತೆ ಇನ್ನೂ ಆರು ತಿಂಗಳು ನಮ್ಮ ಜೊತೆ ಇರ್ತಾರೆ. ನೀನು ನೋಡಿದ್ರೆ ಏರ್‌ಲೈನ್ ಆ್ಯಪ್ ತೆಗೆದು ಕೂತಿದ್ದೀಯ.

ಶರಣ: ಏರ್‌ಪೋರ್ಟಲ್ಲಿ ಆರು ತಿಂಗಳು ಅಂತ ಕೊಟ್ಟಿದ್ರು. ಮುಂದಿನ ವಾರಕ್ಕೆ ಆರು ತಿಂಗಳಾಗುತ್ತೆ. ರೂಲ್ ಅಂದ್ರೆ ರೂಲ್.

ನವ್ಯಾ: ಎಕ್ಸ್‌ಟೆನ್ಶನ್ ಕೇಳೋದೂ ರೂಲೇ.

ಶರಣ: ಹನ್ನೆರಡು ವರ್ಷದಿಂದ ಗ್ರೀನ್ ಕಾರ್ಡ್ ಕ್ಯೂನಲ್ಲಿ ಉಸಿರು ಬಿಗಿಹಿಡ್ಕೊಂಡು ನಿಂತಿದ್ದೀನಿ. ನ್ಯೂಸ್ ನೋಡ್ತಿದ್ದೀಯಲ್ಲ? ಇಂಥ ಟೈಮಲ್ಲಿ ನಮ್ಮ ಅಡ್ರೆಸ್ ಇರೋ ಇನ್ನೊಂದು ಪೇಪರ್ ಗವರ್ನಮೆಂಟಿಗೆ ಕಳಿಸೋದಾ? ಇರಲಾರದೆ ಇರುವೆ ಬಿಟ್ಕೊಂಡ ಹಾಗೆ!

ಅಮೆರಿಕದ ಆಲ್ಡಿ ಎಂಬ ಊರಿನ ಆ ಹೊಸ ಮನೆಯಲ್ಲಿ ಒಂದು ವಾರದಿಂದ ಇದೇ ಜಗಳ. ಸೊಸೆ ಇರಲಿ ಅನ್ನುವುದು, ಮಗ ಹೋಗಲಿ ಅನ್ನುವುದು! ಕಾಲ ಕೆಟ್ಟಿದೆ ಅಂತ ಯಾರೂ ಸುಮ್ಮನೆ ಹೇಳುವುದಿಲ್ಲ. ಶರಣನ ತಾಯಿ ಶಿವಬಸಮ್ಮ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅಷ್ಟರಲ್ಲಿ ಶರಣನ ಫೋನ್ ಬಡಿದುಕೊಂಡಿತು. ಹೆಂಡತಿಯಿಂದ ತಪ್ಪಿಸಿಕೊಳ್ಳಬೇಕಾದ ಗಂಡಸಿಗೆ ಗೊತ್ತಿಲ್ಲದ ನಂಬರೂ ದೇವರೇ. ಎತ್ತಿ ಸ್ಪೀಕರ್ ಹಾಕಿದ.

ಸ್ಮಿತಾ: ನಮಸ್ಕಾರ ಸರ್, ನನ್ನ ಹೆಸರು ಸ್ಮಿತಾ. ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಸರ್ವೆ ಕಂಪನಿಯೊಂದರಿಂದ ಮಾತಾಡ್ತಿದ್ದೀನಿ. ಗಡಿಪಾರು ನೀತಿ ಬಗ್ಗೆ ಸಾರ್ವಜನಿಕ ಅಭಿಪ್ರಾಯ ಕೇಳ್ತಿದ್ದೀವಿ, ಕನ್ನಡದಲ್ಲೇ. ಐದು ನಿಮಿಷ ಅಷ್ಟೇ.

ಶರಣ: ಕನ್ನಡದಲ್ಲಾ! ಕೇಳಿ, ಕೇಳಿ. ಹನ್ನೆರಡು ವರ್ಷದಲ್ಲಿ ಈ ದೇಶ ನನ್ನ ಅಭಿಪ್ರಾಯ ಕೇಳ್ತಿರೋದು ಇದೇ ಮೊದಲು.

ಸ್ಮಿತಾ: ಪ್ರಶ್ನೆ ಒಂದು. "ಶರಣಾರ್ಥಿಗಳನ್ನು ಗಡಿಪಾರು ಮಾಡುವುದನ್ನು ನೀವು ಬಲವಾಗಿ ಬೆಂಬಲಿಸುತ್ತೀರೋ, ಸ್ವಲ್ಪ ಬೆಂಬಲಿಸುತ್ತೀರೋ…"

ಶಿವಬಸಮ್ಮ: (ಒಳಗಿನಿಂದಲೇ) ಶರಣು ಶರಣಾರ್ಥಿ! ಯಾರಪಾ ಬಂದವ್ರು? ಒಳಗ ಬರ್ರಿ, ಚಾ ಇಡ್ತೀನಿ.

ಶರಣ: ಯಾರೂ ಬಂದಿಲ್ಲ ಯವ್ವಾ, ಫೋನು.

ಶಿವಬಸಮ್ಮ: ಮತ್ತ ಶರಣಾರ್ಥಿ ಅಂದಂಗಾತು?

ನವ್ಯಾ: ಏನಮ್ಮ ಸ್ಮಿತಾ, ಶರಣಾರ್ಥಿ ಅಂದ್ರೆ ಯಾರು?

ಸ್ಮಿತಾ: ಅಸೈಲಮ್, ಅಂದ್ರೆ ಆಶ್ರಯ ಕೇಳ್ಕೊಂಡು ಬಂದೋರು ಮೇಡಮ್. ಪ್ರಶ್ನೆಗಳನ್ನ ಕಂಪ್ಯೂಟರ್ ಕನ್ನಡಕ್ಕೆ ಮಾಡಿದೆ. ಹಿಂದೀಲಿ ಹಾಗಂತಾರಲ್ಲ, ಅದನ್ನೇ ಎತ್ತಿ ಹಾಕಿದೆ. ನಾನು ಒಂದಕ್ಷರಾನೂ ಬದಲಾಯಿಸೋ ಹಾಗಿಲ್ಲ. ಸರ್, ನಿಮ್ಮ ಹೆಸರು?

ಶರಣ: ಶರಣ.

ಸ್ಮಿತಾ: ಅಯ್ಯೋ, ನೀವೂ ಶರಣಾರ್ಥೀನಾ ಸರ್?

ಶರಣ: ನಾನು ಡೇಟಾಬೇಸ್ ಆರ್ಕಿಟೆಕ್ಟ್!

ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಶಿವಬಸಮ್ಮ ಹೊರಗೆ ಬಂದು ಫೋನಿನ ಎದುರು ಕುಳಿತರು.

ಶಿವಬಸಮ್ಮ: ನಮ್ಮ ಕಡೆ ಶರಣಾರ್ಥಿ ಅಂದ್ರ ನಮಸ್ಕಾರ, ತಂಗಿ. ಬಾಗಲಕ್ಕ ಬಂದು ನಮಸ್ಕಾರ ಅಂದವ್ರನ್ನ ಇಲ್ಲಿ ಗಡಿಪಾರು ಮಾಡ್ತಾರೇನ? ನಮ್ಮ ಹುಬ್ಬಳ್ಳ್ಯಾಗ ರೌಡಿಗಳನ್ನಷ್ಟ ಮಾಡ್ತಾರವಾ.

ಸ್ಮಿತಾ: ಅಜ್ಜಿ, ಅದನ್ನ ಟಿಕ್ ಮಾಡೋಕೆ ನನ್ನ ಹತ್ರ ಬಾಕ್ಸ್ ಇಲ್ಲ.

ಶರಣ: "ಬಲವಾಗಿ ಬೆಂಬಲಿಸ್ತೀನಿ" ಅಂತ ಹಾಕ್ರೀ! ನಾವೆಲ್ಲ ಕ್ಯೂನಲ್ಲಿ ನಿಂತಿಲ್ವಾ?

ಸ್ಮಿತಾ: ಪ್ರಶ್ನೆ ಎರಡು. "ಅರ್ಜಿ ತಿರಸ್ಕೃತವಾದ ಶರಣಾರ್ಥಿಗೆ ಮೇಲ್ಮನವಿಯ ಹಕ್ಕು ಇರಬೇಕೆ?"

ಶರಣ: ಬೇಡ. ಇಲ್ಲ ಅಂದ್ಮೇಲೆ ಇಲ್ಲ. ಅಪೀಲು ಗಿಪೀಲು ಅಂತ ವರ್ಷಗಟ್ಟಲೆ ಎಳೀತಾರೆ.

ನವ್ಯಾ: ನಿನ್ನ ವೀಸಾ ಡಿನೈ ಆದಾಗ ಲಾಯರ್ ಹಿಡ್ಕೊಂಡು ಹನ್ನೊಂದು ತಿಂಗಳು ಏನು ಮಾಡ್ತಿದ್ದೆ?

ಶರಣ: ಅದು ಅಪೀಲಲ್ಲ. ಕೇಸ್ ಮತ್ತೆ ನೋಡಿ ಅಂತ ಕೇಳೋ ಮೋಷನ್.

ನವ್ಯಾ: ಓಹೋ! ನಾವು ಹಾಕಿದ್ರೆ ಮೋಷನ್ನು, ಅವರು ಹಾಕಿದ್ರೆ ಮೋಸ.

ಸ್ಮಿತಾ: ಸರ್, ಯಾವುದು ಬರ್ಕೊಳ್ಳಿ? ಮೋಷನ್ನಾ, ಮೋಸಾನಾ?

ಶರಣ: "ಹಕ್ಕು ಬೇಡ" ಅಂತ ಬರ್ಕೊಳ್ಳಿ! ಮುಂದಕ್ಕೆ ಹೋಗಿ.

ಸ್ಮಿತಾ: ಪ್ರಶ್ನೆ ಮೂರು. "ಅವಧಿ ಮುಗಿದ ಮೇಲೂ ಉಳಿಯಬಯಸುವವರನ್ನು, ಅವರ ಕುಟುಂಬ ಇಲ್ಲೇ ಇದ್ದರೂ, ವಾಪಸ್ ಕಳಿಸಬೇಕೆ?"

ಶರಣ: ಕಳಿಸ್ಬೇಕು! ಅವಧಿ ಮುಗೀತಾ, ಗಂಟುಮೂಟೆ ಕಟ್ಟು, ನಡಿ. ಕುಟುಂಬ ಅಂತ ಕಣ್ಣೀರು ಹಾಕಿದ್ರೆ ಕರಗಬಾರದು. ಒಂದು ದಿನ ಜಾಸ್ತಿ ಇಟ್ಕೊಂಡ್ರೂ ತಪ್ಪೇ.

ಬುಟ್ಟಿ ಟೇಬಲ್ಲಿನ ಮೇಲೆ ಧೊಪ್ಪನೆ ಕೂತಿತು. ಶಿವಬಸಮ್ಮ ಸೀದಾ ತಮ್ಮ ಕೋಣೆಗೆ ಹೋದರು. ಬರುವಾಗ ಹಿಂದೆ ಸೂಟ್‌ಕೇಸ್ ಎಳೆದುಕೊಂಡು ಬಂದರು.

ಶರಣ: ಇದೇನ ಬೇ ಯವ್ವಾ?

ಶಿವಬಸಮ್ಮ: ಗಂಟುಮೂಟಿ. ನೀನ ಅಂದ್ಯಲ್ಲ.

ಶರಣ: ಅದು ನಿನಗಲ್ಲ! ದೇಶದ ವಿಷಯ ಅದು. ಬ್ಯಾರೆ ಮಂದಿ ಬಗ್ಗೆ ಹೇಳಿದ್ದು.

ಶಿವಬಸಮ್ಮ: ಯಾರ ಬಗ್ಗೆ? ಹೆಸರ ಹೇಳು.

ಶರಣ: ಹೆಸರು ನನಗೇನ ಗೊತ್ತು?

ಶಿವಬಸಮ್ಮ: ಹೆಸರ ಗೊತ್ತಿಲ್ಲದವ್ರ ಮ್ಯಾಲ ಇಷ್ಟ ಸಿಟ್ಟ ಹೆಂಗ ಬರ್ತೈತೋ? ನನ್ನ ಹೆಸರರ ನಿನಗ ಗೊತ್ತೈತಿ.

ಸ್ಮಿತಾ: ಸರ್, ಮೂರಕ್ಕೆ "ಕಳಿಸಬೇಕು" ಅಂತ ಹಾಕಿದ್ದೀನಿ. ಕೊನೇದು, ಪ್ರಶ್ನೆ ನಾಲ್ಕು. "ಸ್ವದೇಶಕ್ಕೆ ಮರಳಲು ಭಯವಿದೆ ಎನ್ನುವವರ ಮಾತನ್ನು ನಂಬಬಹುದೆ?"

ಶರಣ: ನಂಬಬಾರದು. ಎಲ್ಲ ನಾಟಕ.

ಶಿವಬಸಮ್ಮ: ನಂಗೈತಿ ಭಯ.

ಶರಣ: ನಿನಗ ಯಾತರ ಭಯ? ಹುಬ್ಬಳ್ಳ್ಯಾಗ ಅಣ್ಣ ಅದಾನ, ವೈನಿ ಅದಾಳ…

ಶಿವಬಸಮ್ಮ: ಅದನ್ನ ಹೇಳಾಕತ್ತೀನಿ.

ನವ್ಯಾ ಸೋಫಾದ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಓರಗಿತ್ತಿಯ ಬಗ್ಗೆ ಅತ್ತೆ ಬಾಯಿಂದ ಇಂಥ ಮಾತು ಕೇಳುವ ಭಾಗ್ಯ ಎಷ್ಟು ಸೊಸೆಯರಿಗಿದೆ?

ಸ್ಮಿತಾ: ಅಜ್ಜಿ, ಹಿರೀ ಸೊಸೆ ಭಯಕ್ಕೂ ಬಾಕ್ಸ್ ಇಲ್ಲ. ಧರ್ಮ, ಜನಾಂಗ, ರಾಜಕೀಯ, ಇಷ್ಟೇ ಇರೋದು.

ಶಿವಬಸಮ್ಮ: ರಾಜಕೀಯದಾಗ ಹಾಕ್ಕೋ ತಂಗಿ. ಆ ಮನ್ಯಾಗ ಸರ್ಕಾರ ಆಕೀದ ಐತಿ.

ನವ್ಯಾ: ಸ್ಮಿತಾ, ಅತ್ತೆ ಅಭಿಪ್ರಾಯಾನೂ ಒಂದ್ಸಲ ಕೇಳಮ್ಮ.

ಸ್ಮಿತಾ: ಹೇಳಿ ಅಜ್ಜಿ. ನಿಮಗೆ ಏನನ್ಸುತ್ತೆ? ಇರ್ಬೇಕಾ, ಹೋಗ್ಬೇಕಾ?

ಶಿವಬಸಮ್ಮ ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿದರು. ಸೆರಗಿನಿಂದ ಕೈ ಒರೆಸಿಕೊಂಡರು. ದನಿ ತಗ್ಗಿತ್ತು.

ಶಿವಬಸಮ್ಮ: ಈ ಮನ್ಯಾಗ ವಾರದಿಂದ ನಂದ ಮಾತ ನಡದೈತಿ. ನನ್ನ ಕೇಳಿದಾಕಿ ನೀನ ಒಬ್ಬಾಕಿ. ನಂಗ ಇರಬೇಕಂತ ಐತಿ, ತಂಗಿ. ಮೊಮ್ಮಗಳು ಶ್ರದ್ಧಾ ನಾಕು ತಿಂಗಳು "ಹಾಯ್ ಅಜ್ಜಿ, ಬಾಯ್ ಅಜ್ಜಿ" ಅಷ್ಟ ಅಂತಿದ್ಲು. ಈಗೀಗ ತೊಡಿ ಮ್ಯಾಲ ಕುಂತು "ಅಜ್ಜಿ, ಆಮೇಲೆ ಏನು ಆಯ್ತು?" ಅಂತಾಳ. ಕತಿ ಇನ್ನೂ ಅರ್ಧ ಆಗೈತಿ. ಅರ್ಧಕ್ಕ ಬಿಟ್ಟು ಹೆಂಗ ಹೋಗ್ಲಿ?



ಸ್ಮಿತಾ: ಸಾರಿ ಅಜ್ಜಿ. ನೀವು ವಿಸಿಟರ್ ಅಲ್ವಾ? ಇಲ್ಲಿ ವಾಸ ಮಾಡೋರ ಉತ್ತರ ಮಾತ್ರ ತಗೋಬೇಕು.

ಶಿವಬಸಮ್ಮ: ಅಂದ್ರ, ಯಾರನ್ನ ಕಳಸಬೇಕಂತ ಕಳಸವ್ರನ್ನಷ್ಟ ಕೇಳ್ತೀರಿ? ಹೋಗವ್ರನ್ನ ಕೇಳೂದಿಲ್ಲ?

ಸ್ಮಿತಾ: ನಮ್ಮ ಪದ್ಧತಿ ಹಾಗೇ ಇದೆ ಅಜ್ಜಿ.

ಶರಣ ಎದ್ದ. ಸೂಟ್‌ಕೇಸನ್ನು ತಾನೇ ಎಳೆದುಕೊಂಡು ಹೋಗಿ ತಾಯಿಯ ಕೋಣೆಯಲ್ಲಿಟ್ಟು ಬಂದ. ನಾಚಿಕೆಯಾಗಿತ್ತು, ಹೆಂಡತಿಯ ಮುಖ ನೋಡಲಾಗದೆ ಫ್ರಿಜ್ಜಿನ ಕಡೆ ತಿರುಗಿ ಮಾತಾಡಿದ.

ಶರಣ: ಲ್ಯಾಪ್‌ಟಾಪ್ ಎಲ್ಲಿದೆ? ಅವ್ವನ ಫಾರ್ಮ್ ಇವತ್ತೇ ಹಾಕಿಬಿಡೋಣ.

ನವ್ಯಾ: ಇರುವೆ?

ಶರಣ: ಕಚ್ಚಿದ್ರೆ ಕಚ್ಚಲಿ ಬಿಡು. ರೀ ಸ್ಮಿತಾ, ನನ್ನ ಉತ್ತರ ಸ್ವಲ್ಪ ಬದಲಾಯಿಸ್ಕೊಳ್ಳಿ. ನಾಲ್ಕಕ್ಕೂ "ಪರಿಸ್ಥಿತಿ ನೋಡ್ಕೊಂಡು" ಅಂತ ಹಾಕಿ.

ಸ್ಮಿತಾ: ಆಗಲ್ಲ ಸರ್, ಸಬ್‌ಮಿಟ್ ಆಗೋಯ್ತು.

ಶರಣ: ಅರೆ! ನನ್ನ ಅಭಿಪ್ರಾಯ ಅಲ್ವೇನ್ರೀ ಅದು?

ಸ್ಮಿತಾ: ಐದು ನಿಮಿಷದ ಹಿಂದೆ ನಿಮ್ಮದಾಗಿತ್ತು ಸರ್. ಈಗ ಅದು ಸಾರ್ವಜನಿಕ ಅಭಿಪ್ರಾಯ.