ಮುಯ್ಯಿಗೆ ಹೋದ ಸಮುದ್ರ

ಚಟ್... ಚಟಪಟ... ಚರ್ರ್! ಮನೆಯ ಹಿಂದಿನ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದು ಮಂಡಕ್ಕಿಯಾಗುವ ಸದ್ದು. ದಾವಣಗೆರೆಯ ಆ ಓಣಿಗೆ ಬೆಳಗಾಗುವುದೇ ಹಾಗೆ. ಮದುವೆಯಾಗಿ ಬಂದ ದಿನದಿಂದ ಕೇಳಿದ ಆ ಸದ್ದನ್ನು ಕಸ್ತೂರಮ್ಮ ಈಚೆಗೆ ಬೇರೆ ಥರ ಕೇಳಿಸಿಕೊಳ್ಳತೊಡಗಿದ್ದಳು. ಅಲೆ ಬಂದು ದಡದ ಮೇಲೆ ಒಡೆಯುವುದೂ ಹೀಗೇ ಇರಬಹುದೇನೋ. ಟಿವಿಯಲ್ಲಿ ಬಿಟ್ಟರೆ ಅವಳು ಸಮುದ್ರವನ್ನು ನೋಡಿದವಳಲ್ಲ.

ಆ ದಿನ ಆ ಸದ್ದಿನ ನಡುವೆ ಇನ್ನೊಂದು ಕೇಳಿಸಿತು. ಕಟಕ್!

"ಮುಗೀತು!" ಅಡುಗೆಮನೆಯ ಬಾಗಿಲಲ್ಲಿ ಅವಳ ಗಂಡ ಕರಿಬಸವರಾಜ ಯುದ್ಧ ಗೆದ್ದವನಂತೆ ನಿಂತಿದ್ದ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ತುಂಡಾದ ಬ್ಯಾಂಕಿನ ಕಾರ್ಡು. "ಇನ್ಮ್ಯಾಲೆ ಬ್ಯಾಂಕಿನೋರಿಗೆ ನನ್ನ ಕೈಯಿಂದ ಒಂದು ಪೈಸೆ ಕಮಿಷನ್ ಹೋತು ಅಂದ್ರೆ ನನ್ನ ಹೆಸರು ಕರಿಬಸವರಾಜ ಅಲ್ಲ!"

"ಅದು ಕೊತ್ತಂಬರಿ ಕತ್ತರಿಸೋ ಕತ್ತರಿ ರೀ. ತೊಳೆದಿಡ್ರಿ."

ಈ ಘೋರ ಪ್ರತಿಜ್ಞೆಯ ಬೇರು ಪಟ್ಟಾಯದಲ್ಲಿತ್ತು. ಕರಿಬಸವರಾಜನದು ಬಣ್ಣದ ಅಂಗಡಿ. ಕೆಲವು ವರ್ಷಗಳ ಹಿಂದೆ, ಹೆಚ್ಚು ಡಬ್ಬ ಮಾರಿದ ಡೀಲರುಗಳನ್ನು ಕಂಪನಿ ಥಾಯ್ಲೆಂಡಿನ ಆ ಕಡಲೂರಿಗೆ ಕರೆದೊಯ್ದಿತ್ತು, ಹೆಂಡತಿಯರನ್ನು ಬಿಟ್ಟು. ವಾಪಸು ಬರುವಾಗ ಗಂಡಸರಿಗೆಲ್ಲ ಒಂದೇ ಚಿಂತೆ: ಮನೆಯಲ್ಲಿ ಏನು ಹೇಳುವುದು? ಉಳಿದವರು ಸೆಂಟು, ಚಾಕೊಲೇಟು ತಂದರು. ಕರಿಬಸವರಾಜ ದೊಡ್ಡ ಮನಸ್ಸಿನವನು. ರೆಸಾರ್ಟಿನವರು ಬಿಟ್ಟಿ ಊಟ ಹಾಕಿ, ಎಸಿಯಲ್ಲಿ ಕೂರಿಸಿ, ತಾಸುಗಟ್ಟಲೆ ಮಾತಾಡಿ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿ, ಹೆಂಡತಿಗೆಂದು ಒಂದು ಸಮುದ್ರವನ್ನೇ ತಂದ! ವರ್ಷಕ್ಕೊಂದು ವಾರ, ಸಮುದ್ರದ ಕಡೆ ಕಿಟಕಿಯಿರುವ ಕೋಣೆ ಅವರದು. ಇದಕ್ಕೆ ಟೈಮ್‌ಶೇರ್ ಎಂದು ಹೆಸರು. ವರ್ಷ ವರ್ಷ ನಿರ್ವಹಣೆಯ ಹಣ ಕಟ್ಟಬೇಕು ಎಂಬ ಮಾತು ಕಾಗದದ ಹಿಂಬದಿಯಲ್ಲಿತ್ತಂತೆ.

ಕಟ್ಟಿದ. ಹೋಗಲಿಲ್ಲ. ಒಂದು ವರ್ಷ ದೀಪಾವಳಿಯ ವ್ಯಾಪಾರ, ಇನ್ನೊಂದು ವರ್ಷ ಗೋಡೌನಿನ ಛಾವಣಿ ಕುಸಿಯಿತು, ಮತ್ತೊಂದು ವರ್ಷ ಅವನ ಅಣ್ಣ ತೀರಿಕೊಂಡ. ಆ ವಾರಗಳಲ್ಲೆಲ್ಲ ಆ ಕಿಟಕಿ ಯಾರೂ ಇಲ್ಲದೆ ತಾನೊಂದೇ ಸಮುದ್ರ ನೋಡಿಕೊಂಡು ಇರುತ್ತಿತ್ತು.

ಈ ವರ್ಷ ಮಾತ್ರ ಹೋಗಲೇಬೇಕಿತ್ತು. ಕಸ್ತೂರಮ್ಮನ ಕಣ್ಣಿನೊಳಗೆ ಒತ್ತಡ ಏರಿ, ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತ ಬಂದಿತ್ತು. ಎದುರಿನದು ಕಾಣುತ್ತಿತ್ತು, ಪಕ್ಕದ್ದು ಇಲ್ಲ. ಬಳೆಯೊಳಗಿಂದ ನೋಡಿದ ಹಾಗೆ. "ಹೋದ ನೋಟ ವಾಪಸ್ ಬರಲ್ಲಮ್ಮ," ಎಂದಿದ್ದರು ಡಾಕ್ಟರು, ಔಷಧಿಯ ಹನಿ ಬರೆದುಕೊಡುತ್ತ. "ಏನಾದರೂ ನೋಡಬೇಕು ಅಂತಿದ್ರೆ ಮುಂದಕ್ಕೆ ಹಾಕಬೇಡಿ." ಅವಳು ಮನೆಗೆ ಬಂದು ಪಾಸ್‌ಪೋರ್ಟ್ ಮಾಡಿಸಿದಳು. ಬಳೆಯೊಳಗೆ ಸಮುದ್ರ ಎಷ್ಟು ಹಿಡಿಯುತ್ತದೋ ಅಷ್ಟನ್ನಾದರೂ ನೋಡಿಬಿಡಬೇಕು.

ರೆಸಾರ್ಟಿನಿಂದ ಕೊನೆಯ ಎಚ್ಚರಿಕೆಯೂ ಬಂದಿತ್ತು: ಕೊಟ್ಟ ತಾರೀಖಿನೊಳಗೆ ಹಣ ಕಟ್ಟದಿದ್ದರೆ ಕೋಣೆ ಬೇರೆಯವರಿಗೆ, ಒಪ್ಪಂದವೂ ರದ್ದು.

"ಕಾರ್ಡು ಕತ್ತರಿಸಿದ್ರಿ. ಕಟ್ಟೋದು ಹೆಂಗೆ?" ಎಂದಳು ಕಸ್ತೂರಮ್ಮ.

"ರೂಪಾಯಿ ಇಲ್ಲಿಂದ ಥಾಯ್ಲೆಂಡ್ ಮುಟ್ಟೋದ್ರೊಳಗೆ ಎಷ್ಟು ಟೋಲ್ ಗೇಟ್ ಅದಾವೆ ಗೊತ್ತೇನು? ಬದಲಾಯಿಸಾಕೆ ಒಂದಿಷ್ಟು, ಕಳಿಸಾಕೆ ಒಂದಿಷ್ಟು, ನಡುವೆ ಯಾವುದೋ ದೇಶದ ಬ್ಯಾಂಕಿನೋನು ದಾರ್ಯಾಗ ನಿಂತು ಕೈ ಹಾಕ್ತಾನೆ, ಅದರ ಮ್ಯಾಲೆ ಟ್ಯಾಕ್ಸು! ಅದಕ್ಕೇ, ದುಡ್ಡು ದೇಶ ಬಿಟ್ಟು ಹೋಗೋದೇ ಬ್ಯಾಡ. ಹರಿಹರಕ್ಕೆ ಹೋದ್ರೆ ಸಾಕು."

ಹರಿಹರದ ಉಪಾಯ ಹೊಳೆದದ್ದು ಭವ್ಯಾಳಿಂದ. ಆ ಪ್ರವಾಸದಲ್ಲಿ ಸಿಗಡಿ, ಏಡಿಗಳ ನಡುವೆ ಹಸಿದು ಅಲೆಯುತ್ತಿದ್ದ ಲಿಂಗಧಾರಿ ಕರಿಬಸವರಾಜನನ್ನು ಅನ್ನ ಸಾರು ಹಾಕಿ ಬದುಕಿಸಿದವಳು ಅವಳೇ. ಹರಿಹರದ ಹುಡುಗಿ. ಗಂಡ ಪಟ್ಟಾಯದ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು, ಇವಳು ಅಲ್ಲೇ ಕೌಂಟರಿನಲ್ಲಿ. ಅವಳ ಹೋಟೆಲಿನ ಎದುರಿಗೇ ರೆಸಾರ್ಟು! ಅವಳು ರಸ್ತೆ ದಾಟಿ ಅಲ್ಲಿನ ದುಡ್ಡಿನಲ್ಲಿ ಬಾಕಿ ಕಟ್ಟುವುದು, ಇವನು ಹರಿಹರದಲ್ಲಿ ಅವಳ ತಾಯಿಗೆ ರೂಪಾಯಿ ಕೊಡುವುದು. ಕಮಿಷನ್ನು ಸೊನ್ನೆ!

"ಸಾರ್, ಇದಕ್ಕೆ ಹವಾಲಾ ಅಂತಾರೆ," ಎಂದ ಅಂಗಡಿಯ ಲೆಕ್ಕ ನೋಡುವ ವೀರೇಶ್, ಮೆಲ್ಲಗೆ.

"ಹವಾಲಾ ಅಲ್ಲೋ. ಉಪಕಾರ!"

ಭವ್ಯಾಳೂ ಒಪ್ಪಿದಳು. "ಅವ್ವನ ಮನೀ ತಗಡು ತೂತು ಬಿದ್ದಾವೆ ಅಣ್ಣಾರೇ. ಎಷ್ಟು ಸಲ ಕಳಿಸಿದ್ರೂ ವಾಪಸ್ ಹಾಕ್ತಾಳೆ. ಕೊಟ್ಟ ಹೆಣ್ಣಿನ ದುಡ್ಡು ಮುಟ್ಟಲ್ಲ ಅಂತಾಳೆ. ನನ್ನ ಹೆಸರು ಎತ್ತಬ್ಯಾಡ್ರಿ. ಏನಾರ ನೆಪ ಹೇಳಿ ಕೊಡ್ರಿ. ಅವ್ವನ ಕೈ ಸೇರಿದ್ದು ಗೊತ್ತಾದ ತಕ್ಷಣ ನಾನಿಲ್ಲಿ ಕಟ್ತೀನಿ."

ಭವ್ಯಾಳ ತಾಯಿ ದುರುಗಮ್ಮ ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಮಿರ್ಚಿ ಬಂಡಿ ಇಟ್ಟಿದ್ದಳು. ಗಂಡ ಹೆಂಡತಿ ಇಬ್ಬರೂ ಹೋದರು. ಕರಿಬಸವರಾಜ ಕವರು ಮುಂದೆ ಹಿಡಿದು, ದಾರಿಯುದ್ದ ಉರುಹೊಡೆದ ಮಾತು ಒಪ್ಪಿಸಿದ: "ನಾವು ಬಣ್ಣದ ಕಂಪನಿಯಿಂದ ಬಂದೀವಿ. ನಿಮ್ಮ ಮನೆಗೆ ಬಹುಮಾನ ಬಂದೈತೆ."

ದುರುಗಮ್ಮ ಎಣ್ಣೆಯಿಂದ ಜಾಲರಿ ಎತ್ತಿದಳು. "ನಮ್ಮ ಮನೆ ಗ್ವಾಡೆ ನೋಡೀರೇನು? ಸುಣ್ಣ ಕಂಡು ಯಾವ ಕಾಲ ಆತು."

"ಅದಕ್ಕೇ... ಬಣ್ಣ ಹಚ್ಚದೇ ಇರೋ ಮನೆಗೇ ಈ ಸಲ ಬಹುಮಾನ."

"ಓಟು ಬಂತೇನ್ರಿ?" ದುರುಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಪಾರ್ಟಿ ನೀವು?"

ಕರಿಬಸವರಾಜ ಬೆವರಿದ. ಬಂಡಿಯ ಸುತ್ತ ಮಿರ್ಚಿ ತಿನ್ನುತ್ತಿದ್ದವರು ಹತ್ತಿರ ಸರಿದರು. ಆಗ ಕಸ್ತೂರಮ್ಮ ಮುಂದೆ ಬಂದಳು. ಗಂಡನ ತಲೆ ನಿಂತಲ್ಲಿ ತನ್ನ ತಲೆ ಓಡುತ್ತದೆ ಎಂಬುದು ಅವಳ ಒಳಗಿನ ಹೆಮ್ಮೆ.

"ಇವರಿಗೆ ಹೇಳಾಕೆ ಬರಲ್ಲ ಬಿಡವ್ವ. ಇದು ಮುಯ್ಯಿ. ನಮ್ಮ ಮದುವಿಗೆ ನಿಮ್ಮ ಯಜಮಾನ್ರು ಮುಯ್ಯಿ ಮಾಡಿದ್ರು. ವಾಪಸ್ ಮಾಡೋದು ಉಳಕೊಂಡಿತ್ತು."

ದುರುಗಮ್ಮನ ಗಂಡ ಸೂರಪ್ಪ ದಾವಣಗೆರೆಯ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದು ತೀರಿಕೊಂಡವನು ಎಂದು ಭವ್ಯಾ ಹೇಳಿದ್ದಳು. ಅಷ್ಟೇ ಸಾಕಾಗಿತ್ತು. ಮದುವೆಯಲ್ಲಿ ಒಬ್ಬರು ಕೊಟ್ಟ ಉಡುಗೊರೆಯ ಹಣವನ್ನು ಅವರ ಮನೆಯ ಕಾರ್ಯದಲ್ಲಿ ಹಿಂದಿರುಗಿಸದೆ ಇರುವ ಜನ ಈ ಕಡೆ ಇಲ್ಲ. ಒಲ್ಲೆ ಎನ್ನುವವರೂ ಇಲ್ಲ.

ದುರುಗಮ್ಮ ಜಾಲರಿ ಕೆಳಗಿಟ್ಟಳು. ಒಲೆಯ ಉರಿ ತಗ್ಗಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ನಮ್ಮನೆಯೋರಾ? ಅವರು ಜೀವ ಇರೋತನಕ ಕಂಡೋರ ಹತ್ರೆಲ್ಲ ಇಸ್ಕಂಡಿದ್ದೇ ನಂಗೆ ಗೊತ್ತು. ಒಬ್ರಿಗೆ ಕೊಟ್ಟಿದ್ರೇನಕ್ಕಾ?"

"ಕೊಟ್ಟಿದ್ರು," ಎಂದಳು ಕಸ್ತೂರಮ್ಮ.

"ಕೇಳಿದ್ರೇನ್ರೋ?" ದುರುಗಮ್ಮ ಗಿರಾಕಿಗಳ ಕಡೆ ತಿರುಗಿದಳು. "ಸಾವ್ಕಾರ್ರ ಮದುವಿಗೆ ನಮ್ಮ ಮನೆಯೋರು ಮುಯ್ಯಿ ಮಾಡಿದ್ರಂತೆ!" ಆಮೇಲೆ ಇವರಿಬ್ಬರಿಗೂ ಮಿರ್ಚಿ ಕೊಟ್ಟಳು. ಕವರು ಮಾತ್ರ ಮುಟ್ಟಲಿಲ್ಲ. "ಮುಯ್ಯಿನ ಹಿಂಗೆ ಬಂಡಿ ಮುಂದೆ ನಿಂತು ಇಸ್ಕಳಾಕಾಗ್ತೈತಾ? ಕಾರ್ಯ ಆಗ್ಬೇಕು, ನಾಕು ಜನದ ಮುಂದೆ ಕೂಗಬೇಕು. ನಮ್ಮ ಹುಡುಗ ಸಿದ್ದೇಶಂಗೆ ಕೂಸು ಹುಟ್ಟೈತೆ. ಭತ್ತ ಕೊಯ್ದ ಮ್ಯಾಲೆ ಹೆಸರಿಡ್ತೀವಿ. ಆವತ್ತು ಬರ್ರಿ."

ಭತ್ತ ಕೊಯ್ಯುವ ಹೊತ್ತಿಗೆ ಪಟ್ಟಾಯದ ತಾರೀಖು ಮುಗಿದಿರುತ್ತದೆ! ವಾಪಸು ಬರುವಾಗ ಕರಿಬಸವರಾಜ ಕಾರಿನಲ್ಲಿ ನೀರು ಕುಡಿಯುತ್ತಲೇ ಇದ್ದ. ಮಿರ್ಚಿ ಖಾರವಾಗಿತ್ತು.

ಮರುದಿನವೇ ಹೋಗಿ ಸಿದ್ದೇಶನನ್ನು ಹಿಡಿದ. ಹೆಸರಿಡುವುದನ್ನು ಬೇಗ ಮಾಡಬೇಕೆಂದ. ನಂದಿಗುಡಿಯ ನೆಂಟರಿಗೆ ಕೊಯ್ಲಿಗೆ ಮೊದಲು ಕೈ ಖಾಲಿ ಎಂದ ಸಿದ್ದೇಶ. ಪೆಂಡಾಲು ನನ್ನದು ಎಂದ ಕರಿಬಸವರಾಜ. ಊಟ? ಅದೂ ನನ್ನದೇ. ಮೈಕು? ನನ್ನದೇ ಅಪ್ಪ! ನೆಂಟರನ್ನು ಕರೆತರುವ ಗಾಡಿ? ಗೋಡೆ ಹೀಗಿದ್ದರೆ ಹೇಗೆ ಎಂದು ಅಂಗಡಿಯಿಂದ ಬಣ್ಣದ ಡಬ್ಬಗಳೂ ಹೋದವು. ಬ್ಯಾಂಕಿನವರು ಕೇಳುತ್ತಿದ್ದ ಕಮಿಷನ್ನು ಜಿಲೇಬಿಯ ಬಾಬ್ತಿಗೇ ಸಾಲದಾಯಿತು.

"ಬ್ಯಾಂಕಿಗೇ ಕಟ್ಟಿಬಿಡಾನೇನ್ರಿ?" ಎಂದಳು ಕಸ್ತೂರಮ್ಮ ಒಂದು ಸಲ.

"ಇಷ್ಟು ಖರ್ಚು ಮಾಡಿದ ಮ್ಯಾಲಾ? ಅದು ಸೋತಂಗೆ!"

ಪುರೋಹಿತರು ಹುಡುಕಿ ಕೊಟ್ಟ ಒಳ್ಳೆಯ ದಿನ ಒಂದೇ: ಭಾನುವಾರ. ಪಟ್ಟಾಯದ ಕಡೆಯ ತಾರೀಖೂ ಅದೇ. ಭವ್ಯಾಳಿಗೆ ಫೋನು ಮಾಡಿದರೆ ಅವಳ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಸಿದ್ದ ಹೇಳಿದ ಅಣ್ಣಾರೇ. ನೀವು ದೇವರಂಥೋರು. ಆ ದುಡ್ಡಿಂದು ನಾನು ನೋಡ್ಕಂತೀನಿ, ಚಿಂತಿ ಬಿಡ್ರಿ." ಕರಿಬಸವರಾಜ ಚಿಂತೆ ಬಿಟ್ಟ. ಕಸ್ತೂರಮ್ಮ ಹೊಸ ಚಪ್ಪಲಿ ಕೊಂಡಳು, ಮರಳಿನಲ್ಲಿ ಹೂತುಕೊಳ್ಳದಂಥದು.

ಭಾನುವಾರ ಪೆಂಡಾಲಿನಲ್ಲಿ ಮೈಕು ಗುಡುಗಿತು: "ದಾವಣಗೆರೆ ಕರಿಬಸವರಾಜಪ್ಪನವರು, ದಿವಂಗತ ಸೂರಪ್ಪನವರು ತಮ್ಮ ಮದುವಿಗೆ ಮಾಡಿದ ಮುಯ್ಯಿಯ ಬಾಬ್ತು..." ಮೊತ್ತ ಕೂಗಿದಾಗ ಊಟದ ಸಾಲಿನಲ್ಲಿ ಎಲೆಗಳೂ ಸುಮ್ಮನಾದವು. ದುರುಗಮ್ಮ ಎರಡೂ ಕೈಯಲ್ಲಿ ಕವರು ತೆಗೆದುಕೊಂಡು, ಗೋಡೆಯ ಮೇಲಿದ್ದ ಗಂಡನ ಫೋಟೋದ ಮುಂದೆ ಇಟ್ಟಳು. ಕುಡಿದು ಸತ್ತವನೆಂದು ಓಣಿಯವರು ಮರೆತಿದ್ದ ಸೂರಪ್ಪ ಆ ಹೊತ್ತು ಆ ಫೋಟೋದಲ್ಲಿ ಸ್ವಲ್ಪ ನೇರವಾಗಿ ಕೂತ ಹಾಗೆ ಕಸ್ತೂರಮ್ಮನಿಗೆ ಕಂಡಿತು.

"ಕೈ ಸೇರಿತು!" ಕರಿಬಸವರಾಜ ಫೋನು ತೆಗೆದ. ಪಟ್ಟಾಯಕ್ಕೆ ಹಚ್ಚಿದ. ಅಲ್ಲಿ ಭವ್ಯಾ ರಸ್ತೆಯೊಂದನ್ನು ದಾಟಿದರೆ ಮುಗಿಯಿತು.

ರಿಂಗಾಯಿತು. ಕಣ್ಣು ಕಳಕೊಳ್ಳುತ್ತಿರುವವರಿಗೆ ಕಿವಿ ಚುರುಕು. ಕಸ್ತೂರಮ್ಮ ತಿರುಗಿದಳು. ರಿಂಗು ಪೆಂಡಾಲಿನ ಹೊರಗೇ ಕೇಳುತ್ತಿತ್ತು.

ಆಟೋ ಒಂದು ನಿಂತಿತ್ತು. ದೊಡ್ಡ ಬ್ಯಾಗು, ಅದರ ಹಿಂದೆ ಭವ್ಯಾ. ಕೈಯಲ್ಲಿ ಬಡಿದುಕೊಳ್ಳುತ್ತಿರುವ ಫೋನು.

"ಅತ್ತೆ ಬಂದ್ಲು! ಕೂಸಿನ ಅತ್ತೆ ಬಂದ್ಲು!" ಹೆಂಗಸರು ಕೂಗಿದರು. ದುರುಗಮ್ಮ ಫೋಟೋದ ಮುಂದಿನಿಂದ ಓಡಿ ಬಂದಳು.

ಕಸ್ತೂರಮ್ಮ ಹಣೆ ಚಚ್ಚಿಕೊಂಡಳು. ಇಷ್ಟು ದಿನ ತಾನೇಕೆ ಇದನ್ನು ಯೋಚಿಸಲಿಲ್ಲ? ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಸಿದ್ದೇಶನಿಗಿರುವ ಅಕ್ಕ ಭವ್ಯಾ ಒಬ್ಬಳೇ. ಅವಳು ಪಟ್ಟಾಯದಲ್ಲಿ ಹಣ ಕಟ್ಟಲೆಂದು ತಾವು ಇಲ್ಲಿ ಕಾರ್ಯ ಮಾಡಿಸಿದರು! ಅವಳಿಲ್ಲದೆ ಆಗದ ಕಾರ್ಯವನ್ನೇ ಆರಿಸಿ ಮಾಡಿಸಿದರು!

ಹೆಸರಿಟ್ಟಾದ ಮೇಲೆ ಭವ್ಯಾ ಮೂಲೆಗೆ ಬಂದಳು. "ಕೂಸಿಗೆ ಹೆಸರಿಡೋ ದಿನ ಅತ್ತೆ ಬರದೆ ಇರಾಕಾಗ್ತೈತಾ ಅಣ್ಣಾರೇ? ಆ ದುಡ್ಡು ಟಿಕೀಟಿಗೆ ಹೋತು, ನಮ್ಮನೆಯೋರ ಕೈಯಾಗೂ ಏನಿಲ್ಲ. ವಾಪಸ್ ಹೋಗಿ ಸಂಬಳ ಬಂದ ಮ್ಯಾಲೆ ಕಟ್ತೀನಿ, ನಾಕು ದಿನ ತಡ ಆದ್ರೆ ಏನಾಗ್ತೈತೆ ಬಿಡು ಅಂದ್ಕಂಡೆ."

"ಇವತ್ತೇ ಕಡೇ ದಿನ ತಾಯಿ!" ಕರಿಬಸವರಾಜನ ದನಿ ಬಣ್ಣದ ಡಬ್ಬದೊಳಗಿಂದ ಬಂದಂತಿತ್ತು. ಬ್ಯಾಂಕಿಗೆ ರಜೆ. ತನ್ನ ಕಾರ್ಡು ಕೊತ್ತಂಬರಿಯ ಜತೆ ಸತ್ತಿತ್ತು. ಪೆಂಡಾಲಿನ ನಡುವೆ ನಿಂತು ಕೂಗಿದ: "ಯಾರ ಹತ್ರನಾದ್ರೂ ಹೊರದೇಶಕ್ಕೆ ನಡೆಯೋ ಕಾರ್ಡ್ ಐತೇನ್ರಪ್ಪಾ?"

ಸಿದ್ದೇಶ ಫೋನು ಎತ್ತಿ, "ಸ್ಕ್ಯಾನರ್ ಕಳಿಸಾಕೆ ಹೇಳ್ರಿ, ಹೊಡೀತೀನಿ," ಎಂದ. ಮಲೆಬೆನ್ನೂರಿನಿಂದ ಬಂದಿದ್ದ ಅಜ್ಜಪ್ಪ ಎನ್ನುವ ಮುದುಕರು ಪಂಚೆಯ ಗಂಟು ಬಿಚ್ಚಿ ರೇಷನ್ ಕಾರ್ಡು ತೆಗೆದುಕೊಟ್ಟರು.

"ಅವ್ವಗೆ ಕೊಟ್ಟಿದ್ದು ವಾಪಸ್ ಇಸ್ಕಂಡಾದ್ರೂ..." ಎಂದಳು ಭವ್ಯಾ, ಅಳು ಬಂದು.

"ಬ್ಯಾಡ," ಎಂದಳು ಕಸ್ತೂರಮ್ಮ. ಫೋಟೋದ ಮುಂದೆ ಕವರು ಇನ್ನೂ ಹಾಗೇ ಇತ್ತು, ಮೇಲೆ ಒಂದು ಹೂವು. "ಅದು ನಿಮ್ಮಪ್ಪ ಕೊಟ್ಟಿದ್ದು."

ಆ ಹೊತ್ತಿಗೆ ದುರುಗಮ್ಮ ತಟ್ಟೆ ಹಿಡಿದು ಬಂದಳು. ಕುಂಕುಮ ಹಚ್ಚಿ, ಮಡಿಲಿಗೆ ಒಂದು ಸೀರೆ ಇಟ್ಟಳು. "ಅಕ್ಕಾ, ನಿಮ್ಮ ಮನ್ಯಾಗ ಕಾರ್ಯ ಆದಾಗ ಹೇಳಿ ಕಳಿಸ್ರಿ. ಒಂದು ರೂಪಾಯಿ ಹೆಚ್ಚಿಗೇ ಹಾಕಿ ಮುಯ್ಯಿ ಮಾಡ್ತೀನಿ. ನಮ್ಮ ಮನೆಯೋರ ಮರ್ಯಾದಿ ನಾನು ಕಳೆಯಲ್ಲ."

"ಆಗ್ಲವ್ವ," ಎಂದಳು ಕಸ್ತೂರಮ್ಮ.

ದುರುಗಮ್ಮ ಅತ್ತ ಹೋದಳು. ಕರಿಬಸವರಾಜನ ಮುಖದಲ್ಲಿ ಸಣ್ಣ ಆಸೆ. "ನೋಡಿದ್ಯಾ, ದುಡ್ಡು ಮುಳುಗಿಲ್ಲ. ಕಾರ್ಯ ಒಂದು ಆದ್ರೆ..."

"ಏನು ಕಾರ್ಯ ರೀ? ಮಕ್ಕಳಾ, ಮರಿಗಳಾ? ನಮ್ಮ ಮನ್ಯಾಗ ಇನ್ನು ಆಗಬೇಕಾದ್ದು ಒಂದೇ. ಅದಕ್ಕೆ ಯಾರೂ ಮುಯ್ಯಿ ತರಲ್ಲ."

ಪೆಂಡಾಲಿನ ತೂತುಗಳಿಂದ ಬಿಸಿಲು ಎಲೆಗಳ ಮೇಲೆ ಬಿದ್ದಿತ್ತು. ಕಸ್ತೂರಮ್ಮ ಸೀರೆಯನ್ನು ಅವನ ಕೈಗಿಟ್ಟು ಎದ್ದಳು, ಮರಳಿನಲ್ಲಿ ಹೂತುಕೊಳ್ಳದ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

"ಎಲ್ಲಿಗೆ ಕಸ್ತೂರಿ?"

"ಹೊಳೆ ನೋಡ್ಕಂಡು ಬರ್ತೀನಿ. ಚಾ ಕಾಸಾಕೆ ಹೇಳ್ರಿ." ಭವ್ಯಾಳ ತೋಳು ಹಿಡಿದು ಪೆಂಡಾಲು ದಾಟುತ್ತ, ಹಿಂದೆ ತಿರುಗದೆ ಹೇಳುತ್ತಲೇ ಹೋದಳು: "ಅದು ನೋಡ್ರಿ, ಯಾರಿಗೂ ಕಮಿಷನ್ ಕೊಡದೇನೇ ಸಮುದ್ರ ಮುಟ್ತೈತೆ. ನಾವು ಸುಮ್ನೆ ಅದರ ಹಿಂದೆ ನಡಕೊಂಡು ಹೋಗಿದ್ರೂ ಇಷ್ಟೊತ್ತಿಗೆ ಮುಟ್ಟಿರ್ತಿದ್ವಿ."