ಒಂದು ಗೋಡೆ, ಎರಡು ಪಾರ್ಟಿ

ಬೋರ್ಡು ಬರೆಯುವವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಬೋರ್ಡುಗಳನ್ನು ಫ್ಲೆಕ್ಸ್ ನುಂಗಿದ ಮೇಲೆ ನಾನೂ ನನ್ನ ಹೆಂಡತಿಯೂ ಗೋಡೆಚಿತ್ರಕ್ಕೆ ಇಳಿದೆವು. ಅದೇ ಹೊತ್ತಿಗೆ ಒಂದೇ ಬಣ್ಣದ ಟೀಶರ್ಟು ತೊಟ್ಟ ಮೂವರು ಹುಡುಗರು ಮೈಸೂರಿನಿಂದ ಅದೇ ವ್ಯಾಪಾರಕ್ಕೆ ಬಂದರು. ಹುಣಸೂರಿನ ಒಂದು ಮದುವೆ ಛತ್ರದ ಉದ್ದನೆಯ ಗೋಡೆಯ ಮೇಲೆ ಎರಡೂ ಪಾರ್ಟಿಗೂ ಕಣ್ಣು. ಅದು ಕೈತಪ್ಪಿದರೆ ನಾನು ಕುಂಚ ಕೆಳಗಿಟ್ಟು ಫ್ಲೆಕ್ಸ್ ಅಂಗಡಿಯಲ್ಲೇ ಕೆಲಸ ಕೇಳಬೇಕಿತ್ತು.

ಛತ್ರದ ಯಜಮಾನರು, "ಮೊದ್ಲು ಬೇರೆ ಕಡೆ ಬರ್ದು ತೋರ್ಸ್ರಪ್ಪ, ಆಮೇಲ್ ನೋಡುವ," ಅಂದರು.

ಆನೆ

ಹುಡುಗರು ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಒಬ್ಬಾಕೆಯನ್ನು ಒಪ್ಪಿಸಿ ಮನೆಯ ಗೋಡೆ ತುಂಬ ಆನೆ ಬರೆದರು. ಕದ್ದು ನೋಡಲು ಹೋಗಿದ್ದ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ. ಮುಸ್ಸಂಜೆಗೆ ಮನೆಗೆ ಬಂದ ಅವಳ ಗಂಡ ಅದನ್ನು ಕಂಡದ್ದೇ ತಡ, ಕಾಡಾನೆ ಓಡಿಸಲು ಇಟ್ಟಿದ್ದ ಪಟಾಕಿ ಹಚ್ಚಿ ಎಸೆದ. ಸೊಂಡಿಲು ಮಸಿಯಾಯಿತು. ಹುಡುಗರ ಮುಖ ನೋಡಿ ಪಾಪ ಅನ್ನಿಸಿ, ನನ್ನ ಬಣ್ಣವನ್ನೇ ಕೊಡಲು ಹೋದೆ. ಆತ ಬಿಡಬೇಕಲ್ಲ!

"ದಿನಾ ಹೊಲಕ್ಕೆ ಬರದು ಸಾಲ್ದು ಅಂತ ಗೋಡೆಗೂ ಕರ್ಕಬಂದ್ರೇನ್ರಯ್ಯಾ?"

ಹಸು

ನನ್ನ ಸರದಿ ಕಟ್ಟೆಮಳಲವಾಡಿಯಲ್ಲಿ. ರಸ್ತೆ ಬದಿಯ ಗೋಡೆಗೆ ಚೆಂದದ ಹಸು ಬರೆದು ಬಂದೆ. ಮಾರನೇ ದಿನ ಯಜಮಾನರನ್ನು ಕರೆದುಕೊಂಡು ಹೋದರೆ, ಆ ಮನೆಯಾಕೆ ಹಸುವಿನ ಮೈಮೇಲೆಲ್ಲ ಬೆರಣಿ ತಟ್ಟುತ್ತಿದ್ದಾಳೆ.

"ಅಕ್ಕಾ, ಚಿತ್ರ ಕಣಕ್ಕಾ!"

"ನಮ್ಮತ್ತೆ ಕಾಲದಿಂದ್ಲೂ ಇದು ಬೆರಣಿ ಗೋಡೆ ಕಣಪ್ಪ. ನಿಂಗೆ ಬ್ಯಾಸ್ರಾಗಬಾರ್ದು ಅಂತ ಮೊಖ ಬುಟ್ಟು ತಟ್ಟಿವ್ನಿ."

ದೃಷ್ಟಿಬೊಂಬೆ

ಕೊನೆಗೆ ಯಜಮಾನರು ಛತ್ರದ ಗೋಡೆಯನ್ನೇ ಅರ್ಧರ್ಧ ಹಂಚಿದರು. "ಯಾರ್ ಚಿತ್ರದ್ ಮುಂದೆ ಜನ ನಿಲ್ತಾರೋ ಅವ್ರಿಗೇ ಪೂರ್ತಿ ಗೋಡೆ," ಅಂದು, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕೆಕ್ಕರಿಸಿ ನಮ್ಮ ಮುಂದೆಯೇ ನಿಂತರು.

ಹುಡುಗರು ಮಧ್ಯಾಹ್ನದೊಳಗೆ ಮದುಮಕ್ಕಳನ್ನು ಮೂಡಿಸಿಬಿಟ್ಟರು. ನನ್ನ ಹೆಂಡತಿಯದು ಒಂದೇ ಹಟ: "ಕಣ್ಣು ಬಿದ್ದಾತು, ಮೊದ್ಲು ದೃಷ್ಟಿಬೊಂಬೆ ಬರೀರಿ." ಮೂಲೆಯಲ್ಲಿ ಕೆಂಪು ಮುಖ, ಕೋರೆಹಲ್ಲು, ಗಿರಿಜಾ ಮೀಸೆ ಎಲ್ಲ ಬರೆದೆ. ಅಷ್ಟಕ್ಕೇ ಹೊತ್ತು ಮುಳುಗಿತು. ಕೆಲಸ ಹೋಯಿತೆಂದು ಕುಂಚ ತೊಳೆಯಲು ಕೂತೆ.

ತಿರುಗಿ ನೋಡಿದರೆ ಜನವೆಲ್ಲ ನನ್ನ ಮೂಲೆಯಲ್ಲಿ! ಬಸ್ಸಿಗೆ ಹೊರಟವರೂ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ. ಆಗ ನಾನೂ ಸರಿಯಾಗಿ ನೋಡಿದೆ. ಕೋರೆಹಲ್ಲೊಂದು ಬಿಟ್ಟರೆ ಅದು ಸಾಕ್ಷಾತ್ ಯಜಮಾನರು. ದಿನವಿಡೀ ಎದುರಿಗೆ ನಿಂತಿದ್ದವರು ಅವರೇ ತಾನೆ, ಕೈ ಅವರನ್ನೇ ಬರೆದಿತ್ತು.

ಯಜಮಾನರು ಮೀಸೆ ಕುಣಿಸುತ್ತ, "ಅಳ್ಸಲಾ ಅದ್ನ!" ಎಂದು ಗುಡುಗಿದರು. ನಾನು ಬಟ್ಟೆ ಹಿಡಿದು ಓಡಿದೆ. ಅಷ್ಟರಲ್ಲಿ ಅವರ ಹೆಂಡತಿ ಜನರನ್ನು ಸರಿಸಿ ಬಂದು ಒಮ್ಮೆ ಬೊಂಬೆಯನ್ನೂ ಒಮ್ಮೆ ಗಂಡನನ್ನೂ ನೋಡಿದರು.

"ಅಳಿಸ್ಬ್ಯಾಡ ಕಣಪ್ಪ, ಗೋಡೆ ನಿಂದೇಯ. ಮದ್ವೆ ಆದಾಗ್ನಿಂದ ನಮ್ಮನೆಗೆ ಯಾರ್ ದೃಷ್ಟೀನೂ ತಾಗಿಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು!"